ಹೊಸ ಬ್ಯಾಟರಿ, ರಿಪೇರಿ ಆದ ಆಲ್ಟರ್ನೇಟರ್, ಆದರೂ ಲೈಟ್ ಹಾಕಿದರೆ ಬರೀ 12.4 ವೋಲ್ಟ್. ಎಲ್ಲಿ ಹೋಗ್ತಿದೆ?

ಕೋಣಂದೂರು ಫಿಯಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1984ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ತಗೊಂಡ ಗಾಡಿ. ನಮ್ಮ ಕಡೆ ಇದನ್ನು ಈಗಲೂ ಎಲ್ಲರೂ ಫಿಯಟ್ ಅಂತಲೇ ಕರೀತಾರೆ. ಮನೆಗೆ ಬಂದಾಗ ಬ್ಯಾಟರಿ ಚಾರ್ಜ್ ಮಾಡಲು ಹಳೇ ಕಾಲದ ಡೈನಮೋ ಇತ್ತು. 2003ರಲ್ಲಿ ಅಪ್ಪ ಅದನ್ನು ತೆಗೆಸಿ 35 ಆಂಪಿಯರಿನ ಆಲ್ಟರ್ನೇಟರ್ ಹಾಕಿಸಿದರು. ವೋಲ್ಟ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಆಲ್ಟರ್ನೇಟರ್ ಒಳಗೇ ಇದೆ. ಡೈನಮೋ ಚಾರ್ಜಿಂಗನ್ನು ನಿಯಂತ್ರಿಸುತ್ತಿದ್ದ ಹಳೇ ಕಟೌಟ್ ಬಾಕ್ಸ್ ಮಾತ್ರ ಬಾನೆಟ್ ಒಳಗೆ ಇದ್ದ ಜಾಗದಲ್ಲೇ ಇದೆ.

ತೊಂದರೆ ಶುರುವಾಗಿ ಒಂದು ವರ್ಷ ಆಯ್ತು. ಬೇಸಿಗೆಯಲ್ಲಿ ಹಗಲು ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಮಳೆ ಹಿಡಿದ ಮೇಲೆ ರಾತ್ರಿ ಓಡಿಸಿದರೆ ಬ್ಯಾಟರಿ ಇಳಿದು ಹೋಗುತ್ತೆ. ಹೋದ ವಾರ ಹೆಬ್ರಿಯಲ್ಲಿ ತಂಗಿ ಮನೆಗೆ ಹೋಗಿ ರಾತ್ರಿ ವಾಪಸ್ ಬರುತ್ತಿದ್ದೆವು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಜೋರು ಮಳೆ, ಮೇಲೆ ಮಂಜು. ಹೆಡ್‌ಲೈಟ್, ವೈಪರ್ ಎರಡೂ ಬೇಕೇ ಬೇಕು. ಐದಾರು ತಿರುವು ಹತ್ತುವಷ್ಟರಲ್ಲಿ ಲೈಟು ಹಳದಿಗೆ ತಿರುಗಿತು. ವೈಪರ್ ಗಾಜಿನ ಅರ್ಧಕ್ಕೆ ಬಂದು ನಿಂತು ನಿಂತು ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ, ಮಗಳು ಇದ್ದರು. ಹದಿನಾಲ್ಕು ತಿರುವು ಹೇಗೆ ಹತ್ತಿದೆನೋ ನನಗೇ ಗೊತ್ತಿಲ್ಲ. ಆಗುಂಬೆಯಲ್ಲಿ ನಿಲ್ಲಿಸಿದೆ. ಮತ್ತೆ ಸೆಲ್ಫ್ ಎಳೆಯಲೇ ಇಲ್ಲ. ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು.

ಇಷ್ಟರಲ್ಲಿ ಆಗಿರುವ ಖರ್ಚೂ ಹೇಳ್ತೇನೆ. ಅಕ್ಟೋಬರಿನಲ್ಲಿ ಹೊಸ ಬ್ಯಾಟರಿ ಹಾಕಿಸಿದೆ. ಮೇ ತಿಂಗಳಲ್ಲಿ ಒಂದು ಗ್ಯಾರೇಜಿನಲ್ಲಿ ಆಲ್ಟರ್ನೇಟರ್ ಬಿಚ್ಚಿಸಿ ಕಾರ್ಬನ್ (ಬ್ರಷ್), ಬೇರಿಂಗ್, ರೆಗ್ಯುಲೇಟರ್ ಎಲ್ಲ ಬದಲಾಯಿಸಿದರು. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು, "ನೋಡಿ, ಗಾಡಿ ಆಫ್ ಆಗಲಿಲ್ಲ, ಚಾರ್ಜಿಂಗ್ ಸರಿ ಇದೆ" ಅಂದರು. ಈಗ ಅದೇ ಗ್ಯಾರೇಜಿನವರು ಆಲ್ಟರ್ನೇಟರ್ ಪೂರ್ತಿ ಹೊಸದು ಹಾಕಬೇಕು ಅಂತಿದ್ದಾರೆ.

ನಾನೇ ಒಂದು ಹಳದಿ ಮೀಟರ್ ತಂದು ಬ್ಯಾಟರಿ ಮೇಲೆ ಇಟ್ಟು ನೋಡಿದೆ. ರಾತ್ರಿಯಿಡೀ ಚಾರ್ಜರಿಗೆ ಹಾಕಿ ತೆಗೆದ ಮೇಲೆ, ಇಂಜಿನ್ ಆಫ್ ಇದ್ದಾಗ 12.6. ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟರೆ 13.5. ಹೆಡ್‌ಲೈಟ್, ವೈಪರ್ ಹಾಕಿದರೆ 12.4. ಎಷ್ಟು ರೇಸ್ ಕೊಟ್ಟರೂ ಅಷ್ಟೇ. ಇನ್ನೊಂದು ವಿಷಯ. ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಕೆಂಪು ದೀಪ ಪೂರ್ತಿ ಆರುವುದಿಲ್ಲ. ಹಗಲು ಕಾಣುವುದಿಲ್ಲ. ಕತ್ತಲಲ್ಲಿ ಮಾತ್ರ, ಬೂದಿ ಮುಚ್ಚಿದ ಕೆಂಡದ ಹಾಗೆ ಮಂದವಾಗಿ ಕಾಣುತ್ತೆ. ಲೈಟ್ ಹಾಕಿದಷ್ಟೂ ಅದು ಜಾಸ್ತಿ ಆಗುತ್ತೆ.

ಮತ್ತೆ ದುಡ್ಡು ಹಾಕುವ ಮೊದಲು ತಿಳಿದವರು ಒಂದು ಮಾತು ಹೇಳಿ.

ಶಿವಮೊಗ್ಗ ಆಟೋ ಎಲೆಕ್ಟ್ರಿಷಿಯನ್

ತಮ್ಮಾ, ಆ ಕೆಂಪು ದೀಪದ ಬಗ್ಗೆ ಬರೆದಿದ್ದು ಒಳ್ಳೇದಾಯ್ತು. ತುಂಬಾ ಜನ ಅದನ್ನು ಹೇಳುವುದೇ ಇಲ್ಲ. ಸದ್ಯಕ್ಕೆ ಆಲ್ಟರ್ನೇಟರ್ ಮುಟ್ಟಬೇಡಿ. ನಾನು ಮೂವತ್ತು ವರ್ಷ ಇದೇ ಕೆಲಸ ಮಾಡಿದವನು. ಸಾಮಾನು ಸರಿ ಇದ್ದೂ ಸಾಮಾನು ಬದಲಾಯಿಸಿಕೊಂಡು ಹೋದ ಗಾಡಿಗಳನ್ನು ಲೆಕ್ಕ ಇಲ್ಲದಷ್ಟು ನೋಡಿದ್ದೇನೆ.

ಮೊದಲು ಆ ದೀಪ ಹೇಗೆ ಕೆಲಸ ಮಾಡುತ್ತೆ ನೋಡಿ. ಅದರ ಒಂದು ತುದಿಗೆ ಇಗ್ನಿಷನ್ ಸ್ವಿಚ್ಚಿನಿಂದ ಕರೆಂಟ್ ಬರುತ್ತೆ. ಅದು ಬ್ಯಾಟರಿ ಕಡೆಯ ವೋಲ್ಟ್. ಇನ್ನೊಂದು ತುದಿ ಆಲ್ಟರ್ನೇಟರಿಗೆ ಹೋಗುತ್ತೆ. ಇಂಜಿನ್ ನಿಂತಿದ್ದಾಗ ಆಲ್ಟರ್ನೇಟರ್ ಕಡೆ ಏನೂ ಇಲ್ಲ, ಅದಕ್ಕೆ ದೀಪ ಚೆನ್ನಾಗಿ ಉರಿಯುತ್ತೆ. ಚಾರ್ಜ್ ಶುರುವಾದ ಮೇಲೆ ಎರಡೂ ಕಡೆ ಸಮ ಆಗುತ್ತೆ, ದೀಪ ಆರುತ್ತೆ. ಅದು ತಕ್ಕಡಿ ಇದ್ದ ಹಾಗೆ. ನಿಮ್ಮ ದೀಪ ಪೂರ್ತಿ ಆರುತ್ತಿಲ್ಲ ಅಂದ್ರೆ ಎರಡು ತಟ್ಟೆಗೂ ಒಂದೆರಡು ವೋಲ್ಟ್ ವ್ಯತ್ಯಾಸ ಉಳಿದಿದೆ. ಆಲ್ಟರ್ನೇಟರ್ ಏನೂ ಹುಟ್ಟಿಸದೇ ಇದ್ದಿದ್ದರೆ ದೀಪ ಮಂದ ಆಗುತ್ತಿರಲಿಲ್ಲ, ಕಣ್ಣಿಗೆ ಹೊಡೆಯುವ ಹಾಗೆ ಉರಿಯುತ್ತಿತ್ತು.

ಹೀಗೆ ಮಂದ ಉರಿಯುವುದಕ್ಕೆ ಮುಖ್ಯವಾಗಿ ಎರಡೇ ಕಾರಣ. ಒಂದೋ ಆಲ್ಟರ್ನೇಟರ್ ಒಳಗೆ ಎಸಿ ಕರೆಂಟನ್ನು (ದಿಕ್ಕು ಬದಲಾಯಿಸುತ್ತಾ ಹರಿಯುವುದು) ಡಿಸಿಗೆ (ಒಂದೇ ದಿಕ್ಕಿನದು) ತಿರುಗಿಸುವ ಒಂದು ಡಯೋಡ್ ಹೋಗಿರಬೇಕು. ಇಲ್ಲಾ ಆಲ್ಟರ್ನೇಟರಿನಿಂದ ಬ್ಯಾಟರಿಗೆ ಬರುವ ದಾರಿಯಲ್ಲಿ ಎಲ್ಲೋ ವೋಲ್ಟ್ ಸೋರುತ್ತಿರಬೇಕು. ಲೋಡ್ ಜಾಸ್ತಿ ಮಾಡಿದಷ್ಟೂ ದೀಪ ಜಾಸ್ತಿ ಆಗುತ್ತೆ ಅಂದಿರಲ್ಲ, ಅದು ದಾರಿಯ ಕಡೆಗೇ ಬೆರಳು ತೋರಿಸುತ್ತೆ. ಆದರೆ ಊಹೆ ಬೇಡ, ಅಳೆಯೋಣ.

ಇಬ್ಬರು ಬೇಕು. ಒಬ್ಬರು ಒಳಗೆ ಕೂತು, ಇಂಜಿನ್ ನಿಮಿಷಕ್ಕೆ ಒಂದೂವರೆ ಎರಡು ಸಾವಿರ ಸುತ್ತು ತಿರುಗುವಷ್ಟು ರೇಸ್ ಹಿಡಿದಿರಲಿ. ಹೆಡ್‌ಲೈಟ್ ಬ್ರೈಟ್, ವೈಪರ್ ಎರಡೂ ಆನ್ ಇರಲಿ. ಲೋಡ್ ಇಲ್ಲದೆ ಈ ಟೆಸ್ಟ್ ಮಾಡಿದರೆ ಪ್ರಯೋಜನ ಇಲ್ಲ. ಕರೆಂಟ್ ಹರಿಯದೆ ದಾರಿಯ ದೋಷ ಕಾಣುವುದಿಲ್ಲ. ತೋಟದ ಪೈಪಿನಲ್ಲಿ ಗೇಟ್‌ವಾಲ್ವ್ ಮುಚ್ಚಿದ್ದಾಗ ಪೈಪ್ ಕಟ್ಟಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ, ಅಲ್ವಾ?

ಈಗ ಮೀಟರಿನ ಕೆಂಪು ವೈರನ್ನು ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿಗೆ, ಅಂದ್ರೆ ಬಿ ಪ್ಲಸ್‌ಗೆ ಇಡಿ. ಕಪ್ಪನ್ನು ಆಲ್ಟರ್ನೇಟರ್ ಬಾಡಿಗೇ ಇಡಿ. ಎಷ್ಟು ಬರುತ್ತೆ ಬರೆದುಕೊಳ್ಳಿ. ಆಮೇಲೆ ಕೆಂಪು ಅಲ್ಲೇ ಇರಲಿ, ಕಪ್ಪನ್ನು ಬ್ಯಾಟರಿಯ ಪ್ಲಸ್ ಸೀಸದ ಗೂಟಕ್ಕೆ ಇಡಿ. ಕ್ಲ್ಯಾಂಪಿಗೆ ಅಲ್ಲ, ಗೂಟಕ್ಕೆ. ಕ್ಲ್ಯಾಂಪ್ ಮತ್ತು ಗೂಟದ ನಡುವೆಯೇ ತೊಂದರೆ ಇರಬಹುದು. ಪ್ಲಸ್ಸಿನಿಂದ ಪ್ಲಸ್ಸಿಗೆ ಎಂತಕ್ಕೆ ಅಂತ ಅನ್ನಿಸಬಹುದು. ದಾರಿಯಲ್ಲಿ ಕಳೆದುಹೋಗುವ ವೋಲ್ಟು ನೇರವಾಗಿ ಅಲ್ಲಿ ಕಾಣುತ್ತೆ. 0.3ರ ಒಳಗೆ ಇದ್ದರೆ ಪರವಾಗಿಲ್ಲ. ಕೊನೆಗೆ ಒಂದು ವೈರ್ ಆಲ್ಟರ್ನೇಟರ್ ಬಾಡಿಗೆ, ಇನ್ನೊಂದು ಬ್ಯಾಟರಿಯ ಮೈನಸ್ ಗೂಟಕ್ಕೆ. ಇದು ಅರ್ತ್ ದಾರಿ, ಅಂದ್ರೆ ಬಾಡಿ ಮೂಲಕ ಕರೆಂಟ್ ವಾಪಸ್ ಬರುವ ದಾರಿ. ಇಲ್ಲಿ 0.2 ಮೀರಬಾರದು.

ಡಯೋಡ್ ನೋಡುವುದಕ್ಕೆ ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಇಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಡಯೋಡ್ ಮೇಲೆ ಅನುಮಾನ ಪಡಬೇಕು.

ಇನ್ನೊಂದು, ಇದನ್ನು ಎಲ್ಲರೂ ದಯವಿಟ್ಟು ನೆನಪಿಡಿ. ಓಡುತ್ತಿರುವ ಇಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಕೀಳಬೇಡಿ. ಅದು ಡೈನಮೋ ಕಾಲದ ಅಭ್ಯಾಸ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಕಿತ್ತ ಕ್ಷಣಕ್ಕೆ ವೋಲ್ಟ್ ಒಮ್ಮೆಲೇ ಮೇಲಕ್ಕೆ ಹಾರುತ್ತೆ. ಡಯೋಡ್, ರೆಗ್ಯುಲೇಟರ್ ಅದರಲ್ಲೇ ಸಾಯುತ್ತವೆ. ಗಾಡಿ ಆಫ್ ಆಗಲಿಲ್ಲ ಅಂದ ಮಾತ್ರಕ್ಕೆ ಚಾರ್ಜಿಂಗ್ ಸರಿ ಇದೆ ಅಂತಲೂ ಅಲ್ಲ. ಇಂಜಿನ್ ಓಡುವುದಕ್ಕೆ ಕಾಯಿಲ್‌ಗೆ ಮೂರ್ನಾಲ್ಕು ಆಂಪಿಯರ್ ಸಿಕ್ಕರೆ ಸಾಕು.

ಸಾಗರ ಅಂಬಾಸಿಡರ್

ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ನನ್ನದು ಮಾರ್ಕ್ 2, ಇನ್ನೂ ಲೂಕಾಸ್ ಕಂಪನಿಯ ಡೈನಮೋ, ಪಾಸಿಟಿವ್ ಅರ್ತ್, ಅಂದ್ರೆ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿದೆ. ಸ್ಲೋನಲ್ಲಿ ನಿಂತಿದ್ದಾಗ ಚಾರ್ಜಿಂಗ್ ದೀಪ ಉರಿಯುತ್ತೆ, ರೇಸ್ ಕೊಟ್ಟರೆ ಆರುತ್ತೆ. ಇದು ಸಹಜ ಅಂತ ನಮ್ಮ ಚಿಕ್ಕಪ್ಪ ಹೇಳ್ತಾರೆ. ಆದರೆ ಒಂದು ತಿಂಗಳಿಂದ ರೇಸ್ ಕೊಟ್ಟರೂ ಆರುವುದಿಲ್ಲ. ಡೈನಮೋ ಹೋಗಿದೆಯೋ ಕಟೌಟ್ ಹೋಗಿದೆಯೋ ಮನೆಯಲ್ಲೇ ಗೊತ್ತು ಮಾಡಿಕೊಳ್ಳಬಹುದಾ?

ಕೋಣಂದೂರಿನವರೇ, ನಿಮ್ಮ ಪ್ರಶ್ನೆಯ ನಡುವೆ ನನ್ನದು ತೂರಿಸಿದ್ದಕ್ಕೆ ಕ್ಷಮಿಸಿ. ಫ್ಯಾನ್ ಬೆಲ್ಟ್ ಒಮ್ಮೆ ನೋಡಿ. ಪುಲ್ಲಿಯಲ್ಲಿ ಬೆಲ್ಟ್ ಕೂರುವ ಸಂದಿನ ತಳ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬೆಲ್ಟ್ ಸವೆದು ತಳಕ್ಕೆ ಕೂತಿದೆ ಅಂತ ಅರ್ಥ. ಅದು ಹಿಡಿಯಬೇಕಾದ್ದು ಎರಡು ಪಕ್ಕದಲ್ಲಿ. ಮಳೆ ನೀರು ಬಿದ್ದರೆ ಇನ್ನೂ ಜಾರುತ್ತೆ.

ಕೋಣಂದೂರು ಫಿಯಟ್

ಅಣ್ಣಾ, ಮಗಳು ಆಕ್ಸಿಲರೇಟರ್ ಹಿಡಿದಳು, ನಾನು ಅಳೆದೆ. ನೀವು ಹೇಳಿದ ಕ್ರಮದಲ್ಲೇ ಬರೀತೇನೆ.

ಆಲ್ಟರ್ನೇಟರ್ ಬೋಲ್ಟಿನಿಂದ ಅದರ ಬಾಡಿಗೆ 14.3. ಇದನ್ನು ನೋಡಿ ಆಶ್ಚರ್ಯ ಆಯ್ತು. ಅದೇ ಹೊತ್ತಿಗೆ ಬ್ಯಾಟರಿ ಮೇಲೆ 12.4. ಬೋಲ್ಟಿನಿಂದ ಬ್ಯಾಟರಿ ಪ್ಲಸ್ ಗೂಟಕ್ಕೆ 1.4. ಆಲ್ಟರ್ನೇಟರ್ ಬಾಡಿಯಿಂದ ಮೈನಸ್ ಗೂಟಕ್ಕೆ 0.5.

ಬೆಲ್ಟ್ ಸರಿ ಇದೆ, ಪುಲ್ಲಿ ತಳ ಹೊಳೆಯುತ್ತಿಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ಬಗ್ಗುತ್ತೆ.

ಆದರೆ ಎಸಿಗೆ ಹಾಕಿದರೆ ಮೀಟರ್ 27 ತೋರಿಸುತ್ತಿದೆ! ಇಂಜಿನ್ ಆಫ್ ಮಾಡಿದರೂ 27ರ ಹತ್ತಿರವೇ ಇದೆ. ಡಯೋಡೆಲ್ಲ ಹೋಗಿದೆಯಾ?

ನವುಲೆ ಫಿಸಿಕ್ಸ್ ಮೇಡಂ

ಗಾಬರಿ ಬೇಡ. ಅದು ನಿಮ್ಮ ಮೀಟರಿನ ಗುಣ, ಗಾಡಿಯದಲ್ಲ. ಇಂಜಿನ್ ಆಫ್ ಇದ್ದರೂ ತೋರಿಸುತ್ತಿದೆ ಅಂದ್ರೆ ಡಯೋಡಿಗೂ ಅದಕ್ಕೂ ಸಂಬಂಧ ಇಲ್ಲ. ನಮ್ಮ ಲ್ಯಾಬಿನಲ್ಲೂ ಮಕ್ಕಳು ಇದೇ ಮೀಟರಿನಲ್ಲಿ ಇದೇ ತಪ್ಪು ಮಾಡುತ್ತಾರೆ.

ಕಡಿಮೆ ಬೆಲೆಯ ಮೀಟರುಗಳಲ್ಲಿ ಎಸಿ ಕಡೆ ಡಿಸಿಯನ್ನು ತಡೆಯುವ ಕೆಪಾಸಿಟರ್ ಇರುವುದಿಲ್ಲ. ಒಳಗೆ ಇರುವುದು ಒಂದೇ ಒಂದು ಡಯೋಡ್. ಅಲೆಯ ಅರ್ಧ ಭಾಗ ಮಾತ್ರ ತನಗೆ ಸಿಗುತ್ತೆ ಅಂತ ಲೆಕ್ಕ ಹಾಕಿ, ಬಂದ ಅಳತೆಯನ್ನು ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಮಾಡಿ ತೋರಿಸುತ್ತೆ. ಬ್ಯಾಟರಿಯ ಡಿಸಿ ಅದಕ್ಕೆ ಸಿಕ್ಕಿದರೆ 12 ಹೋಗಿ 27 ಆಗುತ್ತೆ. ಪರೀಕ್ಷೆ ಮಾಡಬೇಕಾ? ಕೆಂಪು ಕಪ್ಪು ವೈರ್ ಅದಲು ಬದಲು ಮಾಡಿ. ಸೊನ್ನೆ ಬರುತ್ತೆ. ನಿಜವಾದ ಎಸಿ ಆಗಿದ್ದರೆ ಎರಡೂ ಕಡೆ ಒಂದೇ ಬರಬೇಕಿತ್ತು.

ಟಿವಿ ರಿಪೇರಿಯವರ ಹತ್ತಿರ ಒಳ್ಳೆಯ ಮೀಟರ್ ಇರುತ್ತೆ. ಅದರಲ್ಲಿ ಒಮ್ಮೆ ನೋಡಿ. ಡಿಸಿಯಲ್ಲಿ ನೀವು ಅಳೆದ ಅಂಕಿಗಳು ಮಾತ್ರ ನಂಬುವ ಹಾಗೇ ಇವೆ. 14.3ರಲ್ಲಿ 1.4 ಕಳೆಯಿರಿ, 0.5 ಕಳೆಯಿರಿ. ಸರಿಯಾಗಿ 12.4 ಬರುತ್ತೆ. ಲೆಕ್ಕ ಇಷ್ಟು ಚೆನ್ನಾಗಿ ಕೂಡಿದರೆ ಅಳತೆ ಸರಿ ಇದೆ ಅಂತಲೇ.

ಶಿವಮೊಗ್ಗ ಆಟೋ ಎಲೆಕ್ಟ್ರಿಷಿಯನ್

ಮೇಡಂ ಹೇಳಿದ್ದು ನನಗೂ ಹೊಸದು. ಇಷ್ಟು ವರ್ಷ ಆ ಹಳದಿ ಮೀಟರ್ ಎಸಿಯಲ್ಲಿ ಸುಳ್ಳು ಹೇಳುತ್ತೆ ಅಂತ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ.

ತಮ್ಮಾ, ನಿಮ್ಮ ಆಲ್ಟರ್ನೇಟರ್ ಚೆನ್ನಾಗಿದೆ. ತನ್ನ ಬಾಗಿಲಲ್ಲಿ 14.3 ಕೊಡುತ್ತಿದೆ. ಅದರ ಒಳಗಿನ ರೆಗ್ಯುಲೇಟರ್ ನೋಡುವುದು ತನ್ನ ಬೋಲ್ಟಿನ ವೋಲ್ಟ್ ಅಷ್ಟೇ. ಬ್ಯಾಟರಿಗೆ ಎಷ್ಟು ತಲುಪಿತು ಅಂತ ಅದಕ್ಕೆ ಗೊತ್ತಿಲ್ಲ. 14.3 ಆಯ್ತು, ಸಾಕು ಅಂತ ನಿಲ್ಲಿಸುತ್ತೆ. ಅದಕ್ಕೇ ಎಷ್ಟು ರೇಸ್ ಕೊಟ್ಟರೂ ಬ್ಯಾಟರಿಯಲ್ಲಿ ಜಾಸ್ತಿ ಆಗಲಿಲ್ಲ. ಹತ್ತು ಹೊಸ ಆಲ್ಟರ್ನೇಟರ್ ಹಾಕಿಸಿದ್ದರೂ ಇದೇ 12.4 ಬರುತ್ತಿತ್ತು.

ಈಗ 1.4 ಎಲ್ಲಿ ಕುಳಿತಿದೆ ಹುಡುಕಬೇಕು. ನಿಮ್ಮ ಮೊದಲ ಬರಹದಲ್ಲಿ ಹಳೇ ಕಟೌಟ್ ಬಾಕ್ಸ್ ಇದ್ದಲ್ಲೇ ಇದೆ ಅಂದಿದ್ದಿರಿ. ಅದನ್ನು ಓದಿದಾಗಲೇ ನನಗೆ ಅನುಮಾನ ಬಂದಿತ್ತು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವಾಗ ಹೊಸ ವೈರ್ ಎಳೆಯುವ ಬದಲು ಹಳೇ ಬಾಕ್ಸಿನಲ್ಲೇ ಎರಡು ಟರ್ಮಿನಲ್ ಸೇರಿಸಿ, ಅದನ್ನೇ ಜಂಕ್ಷನ್ ಮಾಡಿ ಬಿಡುತ್ತಿದ್ದರು. ನಾನೂ ಮಾಡಿದ್ದೇನೆ. ಆಗ ನಡೆಯುತ್ತೆ. ಇಪ್ಪತ್ತು ಮಳೆಗಾಲ ಆದಮೇಲೆ ನಡೆಯುವುದಿಲ್ಲ.

ಲೈಟ್ ಹಾಕಿ ಹತ್ತು ನಿಮಿಷ ಇಂಜಿನ್ ಓಡಿಸಿ. ಆಮೇಲೆ ಬಾಕ್ಸಿನ ಟರ್ಮಿನಲ್ ಹತ್ತಿರ ಹುಷಾರಾಗಿ ಬೆರಳು ಇಟ್ಟು ನೋಡಿ. 1.4 ವೋಲ್ಟ್, ಸುಮಾರು 15 ಆಂಪಿಯರ್ ಹರಿಯುತ್ತಿದೆ ಅಂದುಕೊಳ್ಳಿ, ಗುಣಿಸಿದರೆ 21 ವ್ಯಾಟ್. ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟ್ ಇರುತ್ತೆ. ಅಷ್ಟು ಶಾಖ ಒಂದು ಕಡೆ ಕಕ್ಕುತ್ತಿದ್ದರೆ ಕೈಗೆ ಗೊತ್ತಾಗದೇ ಇರುವುದಿಲ್ಲ.

ಅರ್ತಿನ 0.5ಕ್ಕೆ ಇಂಜಿನ್ನಿನಿಂದ ಬಾಡಿಗೆ ಹೋಗುವ ಜಡೆ ಪಟ್ಟಿ ನೋಡಿ. ಇಂಜಿನ್ ಕೂತಿರುವುದು ರಬ್ಬರ್ ಮೇಲೆ. ಕರೆಂಟ್ ವಾಪಸ್ ಬರಲು ಆ ಪಟ್ಟಿ ಬಿಟ್ಟರೆ ಸರಿಯಾದ ದಾರಿ ಇಲ್ಲ. ಒಂದು ಪ್ರಶ್ನೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಚೋಕ್ ಗುಂಡಿ ಬೆಚ್ಚಗಾಗುತ್ತಾ?

ಕೋಣಂದೂರು ಫಿಯಟ್

ಚೋಕ್ ಗುಂಡಿ ಬೆಚ್ಚಗಾಗುತ್ತೆ! ಎರಡು ಮೂರು ಸಲ ಸೆಲ್ಫ್ ಹೊಡೆದರೆ ಅದರ ತಂತಿ ಬಿಸಿಯಾಗಿರುತ್ತೆ. ಇಂಜಿನ್ ಶಾಖ ಇರಬೇಕು ಅಂದುಕೊಂಡಿದ್ದೆ. ತಣ್ಣಗಿನ ಇಂಜಿನ್ನಿನಲ್ಲಿ ಎಲ್ಲಿಯ ಶಾಖ ಅಂತ ಯೋಚನೆಯೇ ಮಾಡಿರಲಿಲ್ಲ. ಸೆಲ್ಫಿನ ಕರೆಂಟ್ ಚೋಕ್ ತಂತಿಯಲ್ಲಿ ವಾಪಸ್ ಬರುತ್ತಿತ್ತು ಅಂತ ಈಗ ಅರ್ಥ ಆಯ್ತು.

ನಿನ್ನೆ ಮಧ್ಯಾಹ್ನ ಮಳೆ ಬಿಟ್ಟಿತ್ತು. ಬ್ಯಾಟರಿ ಮೈನಸ್ ಬಿಚ್ಚಿಟ್ಟು ಕಟೌಟ್ ಬಾಕ್ಸಿನ ಮುಚ್ಚಳ ತೆಗೆದೆ. ಒಳಗೆ ಕುಂಬಾರ ಹುಳ ಗೂಡು ಕಟ್ಟಿತ್ತು. ಹೆಬ್ಬೆರಳು ದಪ್ಪದ ಮಣ್ಣಿನ ಗೂಡು, ಟರ್ಮಿನಲ್ ಸಾಲಿಗೆ ಅಂಟಿಕೊಂಡೇ ಇತ್ತು. ಮುಟ್ಟಿದರೆ ತಣ್ಣಗೆ ಒದ್ದೆ. ಈ ಮಳೆಗೆ ಆ ಮಣ್ಣು ಒಣಗುವುದೇ ಇಲ್ಲ. ಚಾಕುವಿನಲ್ಲಿ ಕೆರೆದು ತೆಗೆದೆ. ಅದರ ಅಡಿಯಲ್ಲಿ ಎರಡು ನಟ್ಟುಗಳ ಮಧ್ಯೆ ಒಂದು ತಾಮ್ರದ ತಂತಿ ಸುತ್ತಿ ಸೇರಿಸಿದ್ದರು. ನೀವು ಹೇಳಿದ ಹಾಗೇ ಇದೆ ಅಣ್ಣ. ಆ ತಂತಿ ಪೂರ್ತಿ ಹಸಿರು ಕಿಲುಬು. ಪೂಜೆಯ ತಾಮ್ರದ ಚೊಂಬನ್ನು ವರ್ಷಗಟ್ಟಲೆ ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ಟರೆ ಹಿಡಿಯುತ್ತಲ್ಲ, ಅದೇ ಬಣ್ಣ. ಒಂದು ನಟ್ಟಿನ ಸುತ್ತ ಬೇಕಲೈಟ್ ಕಂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿತ್ತು. ಸುಟ್ಟ ವಾಸನೆ ಇನ್ನೂ ಇತ್ತು. ನಟ್ಟಿಗೆ ಪಾನಾ ಹಾಕಿದೆ. ಬಲ ಕೊಡುವ ಮೊದಲೇ ತಿರುಗಿತು. ಅಷ್ಟು ಸಡಿಲ.

ಜಡೆ ಪಟ್ಟಿ ಗೇರ್‌ಬಾಕ್ಸ್ ಹತ್ತಿರ ಇತ್ತು. ಕೈಯಲ್ಲಿ ಬಗ್ಗಿಸಿದೆ. ಅರ್ಧದಷ್ಟು ಎಳೆ ಪುಡಿಯಾಗಿ ಉದುರಿತು.

ಟಿವಿ ರಿಪೇರಿಯವರ ಮೀಟರಿನಲ್ಲಿ ಎಸಿ 0.05 ಬಂತು. ಡಯೋಡ್ ಚೆನ್ನಾಗಿದೆ. ಮೇಡಂಗೆ ಧನ್ಯವಾದ.

ಹೊಸನಗರ ಜೀಪ್

ಇದನ್ನು ಓದಿ ನನ್ನ ಮಹೀಂದ್ರ ಜೀಪಿನ ವಿಷಯ ಕೇಳಬೇಕು ಅನ್ನಿಸಿತು. ನನ್ನದು ಉಲ್ಟಾ. ಬ್ಯಾಟರಿ ಮೇಲೆ 15.3 ಬರುತ್ತೆ. ವಾರಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಬ್ಯಾಟರಿ ಸುತ್ತ ಆಸಿಡ್ ಬೆವರು. ರೆಗ್ಯುಲೇಟರ್ ಬೇರೆಯಾಗಿ ಬಾಡಿ ಮೇಲೆ ಕೂತಿದೆ, ಎರಡು ಸಲ ಬದಲಾಯಿಸಿದೆ. ಮಳೆಗಾಲದಲ್ಲಿ ಇಲಿಗಳು ಬಾನೆಟ್ ಒಳಗೆ ಬೆಚ್ಚಗೆ ಮಲಗಿ ವೈರ್ ಬೇರೆ ಕಡಿಯುತ್ತವೆ.

ಶಿವಮೊಗ್ಗ ಆಟೋ ಎಲೆಕ್ಟ್ರಿಷಿಯನ್

ಒಬ್ಬೊಬ್ಬರಿಗೆ ಹೇಳ್ತೇನೆ.

ಕೋಣಂದೂರು ತಮ್ಮ, ಆ ಬಾಕ್ಸನ್ನು ತೊಳೆದು ಮತ್ತೆ ಉಪಯೋಗಿಸಬೇಡಿ. ಅಪ್ಪನ ಕಾಲದ್ದು ಅಂತ ಇದ್ದರೆ ನೋಡಲಿಕ್ಕೆ ಅಲ್ಲೇ ಇರಲಿ, ಕರೆಂಟ್ ಮಾತ್ರ ಅದರಲ್ಲಿ ಹರಿಯುವುದು ಬೇಡ. ಆಲ್ಟರ್ನೇಟರ್ ಬೋಲ್ಟಿನಿಂದ ಬ್ಯಾಟರಿ ಪ್ಲಸ್ಸಿಗೆ 6 ಚದರ ಮಿಲಿಮೀಟರಿನ ಎಳೆ ವೈರ್ ನೇರವಾಗಿ ಎಳೆಯಿರಿ. ಬ್ಯಾಟರಿ ತುದಿಯಲ್ಲಿ 40 ಆಂಪಿಯರ್ ಫ್ಯೂಸ್ ಹಾಕಿ. ಇದನ್ನು ಬಿಡಲೇಬೇಡಿ. ಆ ವೈರ್ ಎಲ್ಲಾದರೂ ಬಾಡಿಗೆ ತಾಗಿದರೆ ತಡೆಯುವುದು ಫ್ಯೂಸ್ ಒಂದೇ. ಲೈಟಿಗೆ, ಇಗ್ನಿಷನ್ನಿಗೆ ಹೋಗುವ ವೈರುಗಳು ಆ ಬಾಕ್ಸಿನಲ್ಲೇ ಸೇರಿದ್ದರೆ, ಅವನ್ನು ಬಿಚ್ಚಿ ಒಂದು ಹೊಸ ಜಂಕ್ಷನ್ ಬೋಲ್ಟಿಗೆ ತನ್ನಿ. ವೈರಿನ ತುದಿಗೆ ಹಾಕುವ ಲಗ್ಗುಗಳನ್ನು ಇಕ್ಕಳದಲ್ಲಿ ಅದುಮಬೇಡಿ, ಒತ್ತುವ ಟೂಲಿನಲ್ಲೇ ಒತ್ತಿಸಿ. ಬಾಡಿ ಮೇಲೆ ಅರ್ತ್ ಕೂರುವ ಜಾಗವನ್ನು ಉಪ್ಪುಕಾಗದದಲ್ಲಿ ತಿಕ್ಕಿ, ತಗಡು ಬೆಳ್ಳಗೆ ಹೊಳೆಯಬೇಕು. ಹಲ್ಲು ವಾಷರ್ ಹಾಕಿ ಬಿಗಿ ಮಾಡಿ. ವ್ಯಾಸಲೀನ್ ಬಿಗಿ ಮಾಡಿದ ಮೇಲೆ ಹೊರಗಿನಿಂದ ಹಚ್ಚಿ. ನಮ್ಮ ಮಲೆನಾಡಿನ ಗಾಳಿಗೆ ತೆರೆದ ತಾಮ್ರ ಉಳಿಯುವುದಿಲ್ಲ.

ಚಾರ್ಜಿಂಗ್ ದೀಪದ ಬಲ್ಬ್ ತೆಗೆದು ಎಲ್‌ಇಡಿ ಹಾಕಬೇಡಿ. ಮೊದಲ ಕರೆಂಟ್ ಆಲ್ಟರ್ನೇಟರಿಗೆ ಹೋಗುವುದು ಆ ಬಲ್ಬಿನ ಮೂಲಕವೇ. ಬಲ್ಬ್ ಹೋದರೆ ಆಲ್ಟರ್ನೇಟರ್ ಏಳುವುದು ತಡ ಆಗುತ್ತೆ, ಒಮ್ಮೊಮ್ಮೆ ಏಳುವುದೇ ಇಲ್ಲ.

ಹೊಸನಗರದವರೇ, ನಿಮ್ಮದು ಉಲ್ಟಾ ಅಲ್ಲ, ಅದೇ ರೋಗ. ನಿಮ್ಮ ರೆಗ್ಯುಲೇಟರ್ ದೂರ ಕೂತು ಒಂದು ಸಣ್ಣ ವೈರಿನಲ್ಲಿ ಬ್ಯಾಟರಿಯ ವೋಲ್ಟ್ ನೋಡುತ್ತೆ. ಆ ವೈರಿನಲ್ಲೋ, ಇಗ್ನಿಷನ್ ಸ್ವಿಚ್ಚಿನಲ್ಲೋ, ರೆಗ್ಯುಲೇಟರಿನ ಅರ್ತಿನಲ್ಲೋ ಒಂದು ವೋಲ್ಟ್ ಕಳೆದುಹೋದರೆ, ಅದಕ್ಕೆ ಬ್ಯಾಟರಿ ಕಡಿಮೆ ಇದೆ ಅಂತ ಕಾಣುತ್ತೆ. ಇನ್ನೂ ಒತ್ತುತ್ತೆ. ಇಂಜಿನ್ ಓಡುವಾಗ ರೆಗ್ಯುಲೇಟರಿನ ಇಗ್ನಿಷನ್ ಟರ್ಮಿನಲ್‌ನಿಂದ ಅದರದೇ ಬಾಡಿಗೆ ಅಳೆಯಿರಿ. ಅಲ್ಲಿ 14.2 ಇದ್ದು ಬ್ಯಾಟರಿಯಲ್ಲಿ 15.3 ಇದ್ದರೆ, ರೆಗ್ಯುಲೇಟರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಮೂರನೆಯದು ತರಬೇಡಿ. ಇಲಿ ಕಡಿದ ಜಾಗ ಹುಡುಕಿ, ರೆಗ್ಯುಲೇಟರ್ ಅಡಿಯ ಪೇಂಟ್ ಕೆರೆದು ಕೂರಿಸಿ.

ಸಾಗರದವರೇ, ನಿಮ್ಮ ಚಿಕ್ಕಪ್ಪ ಹೇಳಿದ್ದು ಸರಿ. ಡೈನಮೋ ಸ್ಲೋನಲ್ಲಿ ಚಾರ್ಜ್ ಕೊಡುವುದಿಲ್ಲ. ಟೆಸ್ಟ್ ಸುಲಭ. ಡೈನಮೋದ ಡಿ (ಕರೆಂಟ್ ಹೊರಬರುವ ಟರ್ಮಿನಲ್), ಎಫ್ (ಫೀಲ್ಡ್ ಕಾಯಿಲ್ ಟರ್ಮಿನಲ್) ಎರಡೂ ವೈರ್ ಬಿಚ್ಚಿ. ಆ ಎರಡು ಟರ್ಮಿನಲ್ಲುಗಳನ್ನು ಒಂದು ತುಂಡು ತಂತಿಯಲ್ಲಿ ಸೇರಿಸಿ. ಮೀಟರಿನ ಒಂದು ವೈರ್ ಅಲ್ಲಿಗೆ, ಇನ್ನೊಂದು ಡೈನಮೋ ಬಾಡಿಗೆ. ಪಾಸಿಟಿವ್ ಅರ್ತ್ ಆದ್ದರಿಂದ ಕೆಂಪು ಬಾಡಿಗೆ ಬರಲಿ. ಇಂಜಿನ್ ಸ್ಲೋನಲ್ಲಿ ಬಿಟ್ಟು ನಿಧಾನಕ್ಕೆ ರೇಸ್ ಏರಿಸಿ. ವೋಲ್ಟ್ ಸರಸರ ಏರಬೇಕು. 20 ದಾಟಲು ಬಿಡಬೇಡಿ. ಜೋರಾಗಿ ರೇಸ್ ಕೊಟ್ಟರೆ ವೈಂಡಿಂಗ್ ಸುಡುತ್ತೆ. ಚೆನ್ನಾಗಿ ಏರಿದರೆ ಡೈನಮೋ ಸರಿ ಇದೆ, ವೈರ್ ಮತ್ತು ಕಟೌಟ್ ನೋಡಿ. ಅರ್ಧ ಒಂದು ವೋಲ್ಟಿಗೆ ನಿಂತರೆ ದೋಷ ಫೀಲ್ಡ್ ಕಾಯಿಲಿನಲ್ಲಿ, ಅಂದ್ರೆ ಅಯಸ್ಕಾಂತ ಹುಟ್ಟಿಸುವ ಸುರುಳಿಯಲ್ಲಿ. ನಾಲ್ಕೈದಕ್ಕೆ ನಿಂತರೆ ಒಳಗೆ ತಿರುಗುವ ಆರ್ಮೇಚರಿನಲ್ಲಿ. ಏನೂ ಬಾರದಿದ್ದರೆ ಮೊದಲು ಕಾರ್ಬನ್ ನೋಡಿ, ಸವೆದು ಸಿಕ್ಕಿಕೊಂಡಿರುತ್ತೆ.

ತುಂಬಾ ದಿನ ನಿಂತ ಗಾಡಿಯಾದರೆ ಒಳಗಿನ ಮ್ಯಾಗ್ನೆಟ್ ಸತ್ತಿರಬಹುದು. ಆಗ ಎಫ್ ವೈರ್ ಬಿಚ್ಚಿ, ಬ್ಯಾಟರಿಯ ಅರ್ತ್ ಅಲ್ಲದ ಕಡೆಯಿಂದ, ನಿಮ್ಮಲ್ಲಿ ಮೈನಸ್ಸಿನಿಂದ, ಒಂದು ವೈರ್ ತಂದು ಡೈನಮೋದ ಎಫ್‌ಗೆ ಎರಡು ಮೂರು ಸಲ ಚಕ್ ಅಂತ ಮುಟ್ಟಿಸಿ ತೆಗೆಯಿರಿ. ಇದು ಲೂಕಾಸ್ ಡೈನಮೋಗೆ ಹೇಳಿದ್ದು. ಬೇರೆ ಕಂಪನಿಯದಕ್ಕೆ ಇದೇ ರೀತಿ ಮಾಡಬೇಡಿ.

ಸಾಗರ ಅಂಬಾಸಿಡರ್

ಮೊದಲು ಏನೂ ಬರಲಿಲ್ಲ. ಕಾರ್ಬನ್ ನೋಡಿದೆ. ಒಂದು ಹೋಲ್ಡರಿನಲ್ಲಿ ಕಚ್ಚಿಕೊಂಡು ಕೆಳಗೆ ಇಳಿಯುತ್ತಲೇ ಇರಲಿಲ್ಲ. ಬಿಡಿಸಿ ಒರೆಸಿ ಹಾಕಿದೆ. ನಿಧಾನಕ್ಕೆ ರೇಸ್ ಕೊಟ್ಟೆ, 18ಕ್ಕೆ ಹೋಯ್ತು. ವೈರ್ ಎಲ್ಲ ವಾಪಸ್ ಹಾಕಿದ ಮೇಲೆ ರೇಸ್ ಕೊಟ್ಟರೆ ದೀಪ ಆರುತ್ತಿದೆ. ತುಂಬಾ ಉಪಕಾರ ಆಯ್ತು.

ಕೋಣಂದೂರು ಫಿಯಟ್

ಎಲ್ಲ ಕೆಲಸ ಮುಗೀತು. ವೈರ್, ಫ್ಯೂಸ್, ಲಗ್, ಹೊಸ ಜಡೆ ಪಟ್ಟಿ ಎಲ್ಲ ತೀರ್ಥಹಳ್ಳಿಯಲ್ಲೇ ಸಿಕ್ಕಿತು. ಎಲ್ಲ ಸೇರಿ ಸಾವಿರ ರೂಪಾಯಿಯೂ ಆಗಲಿಲ್ಲ. ಹಳೇ ಬಾಕ್ಸನ್ನು ಒರೆಸಿ ಮುಚ್ಚಳ ಹಾಕಿ ಅಲ್ಲೇ ಬಿಟ್ಟಿದ್ದೇನೆ, ಅದಕ್ಕೆ ಯಾವ ವೈರೂ ಇಲ್ಲ.

ಅದೇ ಲೋಡಿನಲ್ಲಿ ಮತ್ತೆ ಅಳೆದೆ. ಆಲ್ಟರ್ನೇಟರಿನಲ್ಲಿ 14.3, ಮೊದಲಿನಷ್ಟೇ. ಪ್ಲಸ್ ದಾರಿಯಲ್ಲಿ 0.15. ಅರ್ತ್ ದಾರಿಯಲ್ಲಿ 0.05. ಬ್ಯಾಟರಿ ಮೇಲೆ 14.1. ಚೋಕ್ ಗುಂಡಿ ತಣ್ಣಗಿದೆ. ಸೆಲ್ಫ್ ಒಂದೇ ಸಲಕ್ಕೆ ಹೊಡೆಯುತ್ತೆ.

ನಿನ್ನೆ ರಾತ್ರಿ ಬೇಕು ಅಂತಲೇ ಆಗುಂಬೆಗೆ ಹೋದೆ. ಮಗಳು ಪಕ್ಕದ ಸೀಟಿನಲ್ಲಿ ಮೀಟರ್ ಹಿಡಿದು ಕೂತಿದ್ದಳು. ಸೋಮೇಶ್ವರದವರೆಗೆ ಇಳಿದು, ಅಲ್ಲಿಂದ ತಿರುಗಿಸಿ ಪೂರ್ತಿ ಘಾಟಿ ಲೈಟ್, ವೈಪರ್ ಹಾಕಿಕೊಂಡೇ ಹತ್ತಿದೆವು. ಪ್ರತಿ ತಿರುವಿನಲ್ಲೂ ಅವಳು ಅಂಕಿ ಓದಿ ಹೇಳುತ್ತಿದ್ದಳು. ತಿರುವಿನಲ್ಲಿ ಇಂಜಿನ್ ಸ್ಪೀಡ್ ತೀರಾ ಇಳಿದಾಗ 13.4, ಮತ್ತೆ ಎತ್ತಿದ ಕೂಡಲೇ 14. ಮೇಲೆ ಬಂದು ಗಾಡಿ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡದೆ ಲೈಟ್ ಮಾತ್ರ ಒಂದು ನಿಮಿಷ ಆರಿಸಿದೆ. ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲು. ಕೆಂಪು ದೀಪದ ಜಾಗಕ್ಕೆ ಮುಖ ಹತ್ತಿರ ಇಟ್ಟು ನೋಡಿದೆ. ಏನೂ ಕಾಣಲಿಲ್ಲ.

ಅಣ್ಣಾ, ನಿಮ್ಮ ಋಣ ದೊಡ್ಡದು. ತೋಟದ ಕಡೆ ಬಂದರೆ ಮನೆಗೆ ಬನ್ನಿ.

ಶಿವಮೊಗ್ಗ ಆಟೋ ಎಲೆಕ್ಟ್ರಿಷಿಯನ್

ಖಂಡಿತ ಬರ್ತೇನೆ ತಮ್ಮಾ. ಗಾಡಿಯನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ. ಒಂದು ತಿಂಗಳು ಬಿಟ್ಟು ಆ ನಾಲ್ಕು ಲಗ್ಗಿನ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಹೊಸ ಲಗ್ ಕೂತ ಮೇಲೆ ಸ್ವಲ್ಪ ಸಡಿಲ ಆಗುತ್ತೆ. ಮೈನಸ್ ಬಿಚ್ಚಿಟ್ಟೇ ಪಾನಾ ಹಾಕಿ.